ಮೆಣಸಿನಪುಡಿಗೊಂದು ವೆಬ್‌ಸೈಟ್: ಆರಂಭಿಕರಿಗೆ ತಾಂತ್ರಿಕ ಮಾರ್ಗದರ್ಶನ

ವೆಬ್‌ಸೈಟ್ ಇಲ್ಲದ ವ್ಯಾಪಾರವನ್ನು ವ್ಯಾಪಾರವೆಂದು ಕರೆಯಬಹುದೇ ಎಂಬ ಚರ್ಚೆ ನಮ್ಮ ಕ್ಷೇತ್ರದಲ್ಲಿ ಮುಗಿದುಹೋಗಿದೆ, ಕರೆಯಬಾರದು. ಹಾಗಿದ್ದರೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆ ಇಷ್ಟು ಕಾಲ ಹೇಗೆ ನಡೆದುಬಂತು ಎಂಬುದಕ್ಕೆ ಮಾತ್ರ ತಜ್ಞರಲ್ಲಿ ಇನ್ನೂ ಸಮಾಧಾನಕರ ವಿವರಣೆಯಿಲ್ಲ. ಗಿರಾಕಿ ಬರುತ್ತಾನೆ, ಚೀಲಕ್ಕೆ ಕೈಹಾಕಿ ಡಬ್ಬಿ ತಳಿಯ ಒಂದು ಕಾಯಿ ತೆಗೆಯುತ್ತಾನೆ, ತೊಟ್ಟು ಮುರಿಯುತ್ತಾನೆ, ಮೂಸುತ್ತಾನೆ, ದರ ಕೇಳಿ ಮುಖ ಸಿಂಡರಿಸುತ್ತಾನೆ, ಆಮೇಲೆ ಕೊಳ್ಳುತ್ತಾನೆ. ಇಡೀ ವ್ಯವಹಾರದಲ್ಲಿ ಒಂದು ಕುಕಿಯೂ ಉಳಿಯುವುದಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು, ನಿಜ. ಆದರೆ ಸಿಕ್ಕಿದ್ದು ಕಾಯಿಗೆ, ವೆಬ್‌ಸೈಟಿಗಲ್ಲ. ಈ ಕೊರತೆ ನೀಗಿಸಿಕೊಳ್ಳಲು ಅಲ್ಲಿನ ಮೆಣಸಿನಪುಡಿ ವರ್ತಕರೊಬ್ಬರು ನಮ್ಮನ್ನು ಕರೆಸಿದರು. ಅವರಿಗೆ ಕೊಟ್ಟ ಸಲಹೆಗಳನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಇಲ್ಲಿ ಬರೆದಿಡುತ್ತಿದ್ದೇವೆ.

ಮೊದಲು ಹೆಸರು. ಇಂಟರ್‌ನೆಟ್‌ನಲ್ಲಿ ಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ಆ ಅಂಕಿಗಳು ಮನುಷ್ಯರ ತಲೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬ ವಿಜ್ಞಾನಿ ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ ವ್ಯವಸ್ಥೆಯೊಂದನ್ನು ರೂಪಿಸಿದರು. ಅದೇ ಡಿಎನ್‌ಎಸ್. 1985ರ ಮಾರ್ಚ್‌ನಲ್ಲಿ ಸಿಂಬಾಲಿಕ್ಸ್ ಎಂಬ ಕಂಪನಿ ಮೊಟ್ಟಮೊದಲ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿತು. ಕಂಪ್ಯೂಟರ್ ತಯಾರಿಸುತ್ತಿದ್ದ ಆ ಕಂಪನಿಯ ವೈಭವ ಎಂದೋ ಹೋಯಿತು, ಹೆಸರು ಇಂದಿಗೂ ಇದೆ. ಸರಕಿಗಿಂತ ಹೆಸರಿನ ಬಾಳಿಕೆ ಹೆಚ್ಚೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಬ್ಯಾಡಗಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಬಗೆ ಒಂದೇ ಅಲ್ಲ. ಕೆಲವರು ಬಿ, ವೈ, ಎ, ಡಿ, ಜಿ, ಐ ಎನ್ನುತ್ತಾರೆ. ಕೆಲವರು ಡಿ ಮತ್ತು ಜಿ ನಡುವೆ ಇನ್ನೊಂದು ಎ ಸೇರಿಸುತ್ತಾರೆ, ಮತ್ತೆ ಕೆಲವರು ಅಲ್ಲಿ ಐ ಇಡುತ್ತಾರೆ. ಗಿರಾಕಿ ಯಾವುದನ್ನು ಒತ್ತುತ್ತಾನೋ ಹೇಳಲಾಗದು. ಆದ್ದರಿಂದ ಎಲ್ಲವನ್ನೂ ಕೊಂಡುಕೊಳ್ಳಿ, ಪ್ರತಿಯೊಂದನ್ನೂ ಡಾಟ್ ಕಾಮ್, ಡಾಟ್ ಇನ್, ಡಾಟ್ ನೆಟ್, ಡಾಟ್ ಸ್ಟೋರ್‌ಗಳಲ್ಲಿ. ಕನ್ನಡಾಭಿಮಾನ ಉಳ್ಳವರಿಗೆ ಡಾಟ್ ಭಾರತ ಕನ್ನಡ ಲಿಪಿಯಲ್ಲೇ ದೊರೆಯುತ್ತದೆ. ಯಂತ್ರ ಮಾತ್ರ ಒಳಗೊಳಗೆ ಅದನ್ನು ಎಕ್ಸ್, ಎನ್, ಎರಡು ಅಡ್ಡಗೆರೆ, ಅದರ ಮುಂದೆ ಇಂಗ್ಲಿಷ್ ಅಕ್ಷರ-ಅಂಕಿಗಳ ಒಂದು ಸರಪಳಿಯೆಂದೇ ಓದಿಕೊಳ್ಳುತ್ತದೆ. ಅಭಿಮಾನಕ್ಕೆ ಇದರಿಂದ ಧಕ್ಕೆಯಿಲ್ಲ.

ಹೆಸರನ್ನು ಕೊಂಡೆವೆಂದು ಹೇಳುವುದು ರೂಢಿಯ ಮಾತು. ನಿಜದಲ್ಲಿ ಅದು ಬಾಡಿಗೆ, ಒಂದು ಸಲಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಬಾಡಿಗೆ ಕರಾರು ಯಾರ ಹೆಸರಿನಲ್ಲಿರಬೇಕು? ಅಂಗಡಿಯ ಮಾಲೀಕರ ಹೆಸರಿನಲ್ಲೇ ಇರಲಿ ಎಂದು ಕೆಲವು ಅರೆಬರೆ ತಿಳಿದವರು ಹೇಳುತ್ತಾರೆ. ಪರಂಪರೆ ಹಾಗಿಲ್ಲ. ವೆಬ್‌ಸೈಟ್ ಮಾಡಿಕೊಡುವ ಹುಡುಗನ ಸ್ವಂತ ಇಮೇಲ್‌ನಲ್ಲಿ ನೋಂದಣಿಯಾಗಬೇಕು, ಪಾಸ್‌ವರ್ಡ್ ಅವನ ಹಳೆಯ ಫೋನಿನಲ್ಲಿರಬೇಕು. ಹುಡುಗ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟ ಮೇಲೆ ನವೀಕರಣದ ಎಚ್ಚರಿಕೆಗಳೆಲ್ಲ ಅವನಿಗೇ ಹೋಗುವುದರಿಂದ ಮಾಲೀಕರ ನೆಮ್ಮದಿ ಕೆಡುವುದಿಲ್ಲ.

ಹೆಸರಾಯಿತು, ಇನ್ನು ಜಾಗ. ಇದಕ್ಕೆ ಹೋಸ್ಟಿಂಗ್ ಎನ್ನುತ್ತಾರೆ: ಸದಾ ಚಾಲೂ ಇರುವ ಯಾರದೋ ಕಂಪ್ಯೂಟರಿನಲ್ಲಿ ನಿಮ್ಮ ಕಡತಗಳನ್ನು ಇಡುವುದು. ಅದೇ ಕಂಪ್ಯೂಟರಿನಲ್ಲಿ ಇನ್ನೂ ನೂರಾರು ಸೈಟುಗಳಿರುತ್ತವೆ. ಅವುಗಳಲ್ಲೊಂದಕ್ಕೆ ಜನ ಮುಗಿಬಿದ್ದರೆ ನಿಮ್ಮದು ಏದುಸಿರು ಬಿಡುತ್ತದೆ. ಯೋಜನೆ ಆರಿಸುವಾಗ ಅನ್‌ಲಿಮಿಟೆಡ್ ಎಂದಿರುವುದನ್ನೇ ಆರಿಸಿ. ಆ ಮಾತಿನ ಪಕ್ಕ ಒಂದು ನಕ್ಷತ್ರ ಚಿಹ್ನೆಯಿರುತ್ತದೆ, ಅದರ ಮಿತಿ ಪುಟದ ಬುಡದಲ್ಲಿರುತ್ತದೆ. ಮೊದಲ ವರ್ಷದ ದರ ದೊಡ್ಡ ಅಕ್ಷರದಲ್ಲಿ, ಎರಡನೆಯ ವರ್ಷದ ದರ ಎರಡನೆಯ ವರ್ಷದಲ್ಲಿ.

ಸರ್ವರ್ ಮುಂಬೈಯಲ್ಲೂ ಸಿಗುತ್ತದೆ, ಆದರೆ ಅಮೆರಿಕದ್ದಕ್ಕೆ ಗತ್ತು ಹೆಚ್ಚು. ಪಕ್ಕದ ಮೋಟೆಬೆನ್ನೂರಿನ ಗಿರಾಕಿ ಬ್ಯಾಡಗಿಯ ಪುಡಿಯ ದರ ನೋಡಲು ಬೆರಳಿಟ್ಟರೆ ಆ ಕೋರಿಕೆ ಸಮುದ್ರದಡಿಯ ಕೇಬಲ್ ಹಿಡಿದು ಅಮೆರಿಕಕ್ಕೆ ಹೋಗಿ ಬರುತ್ತದೆ. ಒಂದು ಸುತ್ತಿಗೆ ಹೆಚ್ಚುಕಡಿಮೆ ಕಾಲು ಸೆಕೆಂಡು, ಒಂದು ಪುಟ ತೆರೆಯಲು ಇಂಥ ಹಲವು ಸುತ್ತು. ಗಿರಾಕಿ ಸೈಕಲ್ ಹತ್ತಿದರೂ ತಲುಪಬಹುದಾದ ಅಂಗಡಿಯ ಸರಕು ಅಂತರರಾಷ್ಟ್ರೀಯ ಮಟ್ಟಕ್ಕೇರುವುದು ಹೀಗೆ.

ಹೆಸರನ್ನು ಜಾಗಕ್ಕೆ ಜೋಡಿಸಿದ ಮೇಲೆ ಒಂದು ಮಾತನ್ನು ಕಲಿತುಕೊಳ್ಳಬೇಕು: “ಡಿಎನ್‌ಎಸ್ ಇನ್ನೂ ಹರಡ್ತಾ ಇದೆ, 48 ಗಂಟೆ ಕಾಯಿರಿ.” ಇದರಲ್ಲಿ ಸತ್ಯಾಂಶವಿದೆ. ಪ್ರತಿ ದಾಖಲೆಯ ಜೊತೆ ಅದನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದೆಂಬ ಅಂಕಿಯೊಂದಿರುತ್ತದೆ. ಅದು 86400 ಆಗಿದ್ದರೆ ಇಡೀ ದಿನ ದಾರಿಯ ಯಂತ್ರಗಳು ಹಳೆಯ ವಿಳಾಸವನ್ನೇ ಹೇಳುತ್ತಿರಬಹುದು. 3600 ಎಂದಿದ್ದರೆ ಒಂದು ಗಂಟೆ. ಮೊದಲೇ ಅಂಕಿ ಇಳಿಸಿಟ್ಟರೆ ಕಾಯುವ ಕೆಲಸ ಬಹಳವಿಲ್ಲ. ಆದರೆ ಇಳಿಸಿದರೆ ತಜ್ಞನಿಗೆ ಬಿಡುವು ಎಲ್ಲಿಂದ ಬರಬೇಕು? ಫೋಟೊ ಕಾಣದಿದ್ದರೂ ಡಿಎನ್‌ಎಸ್, ದರ ತಪ್ಪಿದ್ದರೂ ಡಿಎನ್‌ಎಸ್. ವರ್ತಕರು ಮೂರನೆಯ ದಿನಕ್ಕೆ ತಾವೇ ಈ ಮಾತನ್ನು ಮನೆಯಲ್ಲಿ ಬಳಸತೊಡಗಿದರು.

ಭದ್ರತೆಯ ವಿಷಯದಲ್ಲಿ ಎರಡು ಮಾತು ಸಾಕು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್, ಪ್ರಮಾಣಪತ್ರವಿಲ್ಲದ ಸೈಟುಗಳಿಗೆಲ್ಲ ಸುರಕ್ಷಿತವಲ್ಲ ಎಂಬ ಹಣೆಪಟ್ಟಿ ಹಚ್ಚುತ್ತಿದೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಈ ಪತ್ರವನ್ನು ಪುಕ್ಕಟೆ ಕೊಡುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವಾದ್ದರಿಂದ ನಾವು ಹಣ ಕೊಟ್ಟೇ ತೆಗೆಸಿದೆವು. ಈ ಪತ್ರ ಹೇಳುವುದಿಷ್ಟೆ: ಗಿರಾಕಿಗೂ ಸೈಟಿಗೂ ನಡುವೆ ಹೋಗುವ ಮಾತನ್ನು ಮೂರನೆಯವರು ಓದಲಾರರು. ಪುಡಿಗೆ ಇಟ್ಟಿಗೆ ಪುಡಿ ಬೆರೆಸಿದ್ದರೆ ಆ ಸಂಗತಿಯೂ ಅಷ್ಟೇ ಸುರಕ್ಷಿತವಾಗಿ ತಲುಪುತ್ತದೆ.

ಈಗ ಸೈಟಿನ ಮೈ. 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹಾಕಿ, ಮೇಲೊಂದು ಥೀಮ್ ಹೊದಿಸಿದರೆ ಆಯಿತು. ಥೀಮಿನ ಮುಖಪುಟದಲ್ಲಿ ಕೋಟು ತೊಟ್ಟ ಮೂವರು ವಿದೇಶೀಯರು ಲ್ಯಾಪ್‌ಟಾಪ್ ನೋಡಿ ನಗುತ್ತಿರುವ ಚಿತ್ರ ಬಂದೇ ಬರುತ್ತದೆ. ಅದನ್ನು ತೆಗೆಯಬೇಡಿ, ಅವರು ಪುಡಿಯ ಆರ್ಡರ್ ಬಂದದ್ದಕ್ಕೇ ನಗುತ್ತಿರಬಹುದು. ನಮ್ಮ ಬಗ್ಗೆ ಎಂಬ ಪುಟದಲ್ಲಿ ಲೋರೆಮ್ ಇಪ್ಸಮ್ ಎಂದು ಶುರುವಾಗುವ ಲ್ಯಾಟಿನ್ ಸಾಲುಗಳಿರುತ್ತವೆ. ಮುದ್ರಕರು ಖಾಲಿ ಜಾಗ ತುಂಬಲು ಬಳಸುತ್ತಿದ್ದ ಈ ಪಠ್ಯ, ಕ್ರಿ.ಪೂ. 45ರಲ್ಲಿ ರೋಮಿನ ಸಿಸೆರೊ ಬರೆದ ತತ್ವಗ್ರಂಥದ ಒಂದು ಭಾಗವನ್ನು ಕತ್ತರಿಸಿ ಕಲಸಿದ್ದು. ಆ ಭಾಗದ ವಿಷಯ ನೋವು ಮತ್ತು ಸುಖ. ಮೆಣಸಿನಕಾಯಿ ಮಾರುವವರಿಗೆ ಇದಕ್ಕಿಂತ ತಕ್ಕ ಪಠ್ಯ ಸಿಗದೆಂದು ಹಾಗೇ ಬಿಟ್ಟೆವು. ಬ್ಯಾಡಗಿಯ ಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಅದರಲ್ಲಿ ಕಮ್ಮಿ ಎಂದು ವರ್ತಕರು ತಕರಾರು ತೆಗೆದರು. ಸಿಸೆರೊನಿಗೆ ಅದು ಗೊತ್ತಿರಲಿಲ್ಲ.

ಕನ್ನಡದಲ್ಲೂ ನಾಲ್ಕು ಸಾಲು ಇರಲಿ ಎಂಬುದು ಅವರ ಆಸೆ. ಊರಿನ ಡಿಟಿಪಿ ಅಂಗಡಿಯಲ್ಲಿ ಕರಪತ್ರಕ್ಕೆಂದು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದನ್ನು ಪೆನ್‌ಡ್ರೈವ್‌ನಲ್ಲಿ ತಂದರು. ಕರಪತ್ರದ ಅಚ್ಚಿಗೆ ಬಳಸುವ ಹಳೆಯ ನುಡಿ ಫಾಂಟ್‌ನ ಗುಟ್ಟೇನೆಂದರೆ, ಕಂಪ್ಯೂಟರಿನ ಹೊಟ್ಟೆಯಲ್ಲಿರುವುದು ಲ್ಯಾಟಿನ್ ಅಕ್ಷರಗಳು ಮತ್ತು ಚಿಹ್ನೆಗಳೇ. ಅವಕ್ಕೆ ಕನ್ನಡದ ಮುಖವಾಡ ತೊಡಿಸುವುದು ಫಾಂಟ್. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಮುಖವಾಡ ಕಳಚುತ್ತದೆ. ಹಾಗೆ ಸೈಟಿನ ನೆತ್ತಿಯ ಮೇಲೆ ಮೆಣಸಿನಪುಡಿ ಎಂದಿರಬೇಕಾದಲ್ಲಿ ನ ಇದ್ದ ಜಾಗಕ್ಕೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಪ ಇದ್ದ ಜಾಗಕ್ಕೆ ಜಪಾನಿನ ಯೆನ್ ಚಿಹ್ನೆ, ನಡುನಡುವೆ ತಲೆಯ ಮೇಲೆ ಗೀಟು ಎಳೆದ ಎ ಬಂದು ಕೂತವು. ರಫ್ತಿನ ವಾಸನೆ ಹೊಡೆಯುವ ಇಂಥ ಫಲಕ ಯಾರಿಗುಂಟು? ಯೂನಿಕೋಡಿಗೆ ಬದಲಿಸಿಕೊಡುವ ತಂತ್ರಾಂಶ ಪುಕ್ಕಟೆಯೇ ಇದೆ, ನಿಮಿಷದ ಕೆಲಸ. ನಾವು ಆ ದಾರಿ ಹಿಡಿಯದೆ ಇಡೀ ಕರಪತ್ರದ ಫೋಟೊ ತೆಗೆದು ಅಂಟಿಸಿದೆವು. ಈಗ ಕನ್ನಡ ಕಣ್ಣಿಗೆ ಚೊಕ್ಕವಾಗಿ ಕಾಣುತ್ತದೆ. ಹುಡುಕುವವರಿಗೆ ಸಿಗುವುದಿಲ್ಲ, ಅಷ್ಟೆ.

ಹುಡುಕಾಟದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡೋಣ. ವರ್ಡ್‌ಪ್ರೆಸ್‌ನ ಸೆಟ್ಟಿಂಗ್‌ಗಳಲ್ಲಿ, ರೀಡಿಂಗ್ ಎಂಬಲ್ಲಿ, ಕೆಳಗೆ ಒಂದು ಪುಟ್ಟ ಚೌಕವಿದೆ. ಅದಕ್ಕೆ ಟಿಕ್ ಹಾಕಿದರೆ ಗೂಗಲ್ ಮುಂತಾದವರಿಗೆ ದಯವಿಟ್ಟು ಈ ಸೈಟನ್ನು ನಿಮ್ಮ ಪಟ್ಟಿಗೆ ಸೇರಿಸಬೇಡಿ ಎಂಬ ಸೂಚನೆ ಹೋಗುತ್ತದೆ. ಕಟ್ಟುವ ಹಂತದಲ್ಲಿ ಅರೆಬೆಂದ ಪುಟಗಳು ಯಾರ ಕಣ್ಣಿಗೂ ಬೀಳದಿರಲೆಂದು ಅದಕ್ಕೆ ಟಿಕ್ ಹಾಕುವುದು ವಾಡಿಕೆ. ಕಟ್ಟಿ ಮುಗಿದ ಮೇಲೆ ತೆಗೆಯುವುದು ವಾಡಿಕೆಯಲ್ಲ. ಇದರ ಬದಲು ಕೀವರ್ಡ್ ಎಂಬ ಗುಪ್ತ ಸಾಲಿನಲ್ಲಿ ಮೆಣಸಿನಪುಡಿ, ಕೆಂಪು ಮೆಣಸಿನಪುಡಿ, ಒಳ್ಳೆಯ ಮೆಣಸಿನಪುಡಿ, ಚಿಲ್ಲಿ, ಐಶ್ವರ್ಯಾ ರೈ ಎಂದು ತುಂಬಿಸಬೇಕು. ಆ ಸಾಲನ್ನು ತಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೆಂದು ಗೂಗಲ್ 2009ರಲ್ಲೇ ಬಹಿರಂಗವಾಗಿ ಹೇಳಿದೆ. ಗೂಗಲ್ ಹೇಳಿದ್ದನ್ನೆಲ್ಲ ಕೇಳುತ್ತ ಕೂತರೆ ನಮ್ಮಂಥವರ ಅನುಭವಕ್ಕೆ ಏನು ಬೆಲೆ?

ಸೈಟ್ ಸಿದ್ಧವಾದ ದಿನ ವರ್ತಕರು ಮೊಬೈಲಿನಲ್ಲಿ ಮೇಲೆ ಕೆಳಗೆ ಎಳೆದಾಡಿ, ಕನ್ನಡಕ ಏರಿಸಿ ಕೇಳಿದರು: “ಎಲ್ಲಾ ಭಾಳ ಚೊಲೋ ಐತ್ರಿ ಸರ. ಆದ್ರ ಮಂದಿ ಪುಡಿ ಬೇಕಂದ್ರ ಯಾವ ನಂಬರ್‌ಗೆ ಫೋನ್ ಹಚ್ಚಬೇಕ್ರಿ? ನಂಬರ್ ಎಲ್ಲೂ ಕಾಣವಲ್ದು.”

ಆರಂಭಿಕರು ಕೇಳುವ ಪ್ರಶ್ನೆ ಇದು. ಫೋನ್ ನಂಬರನ್ನು ಮುಖಪುಟದಲ್ಲೇ ಹಾಕಿಬಿಟ್ಟರೆ ಜನ ಫೋನ್ ಮಾಡಿ ಸರಕು ಕೊಂಡು ಹೊರಟುಹೋಗುತ್ತಾರೆ, ಸೈಟಿನಲ್ಲಿ ನಿಲ್ಲುವುದೇ ಇಲ್ಲ. ಬದಲಿಗೆ, ಪುಟ ತೆರೆದ ಕೂಡಲೇ ಇಮೇಲ್ ವಿಳಾಸ ಕೇಳುವ ಪಾಪ್-ಅಪ್ ಎದ್ದು ಪರದೆ ಮುಚ್ಚಬೇಕು. ಈ ವಿದ್ಯೆಗೆ 1990ರ ದಶಕದಲ್ಲಿ ಟ್ರೈಪಾಡ್ ಎಂಬ ಸೈಟಿನಲ್ಲಿದ್ದ ಈಥನ್ ಜುಕರ್‌ಮನ್ ಕೋಡ್ ಬರೆದರು, 2014ರಲ್ಲಿ ಅದಕ್ಕಾಗಿ ಜಗತ್ತಿನ ಕ್ಷಮೆ ಕೇಳಿದರು. ಕ್ಷಮೆ ಕೇಳುವಷ್ಟು ಪರಿಣಾಮಕಾರಿಯಾದ ಆವಿಷ್ಕಾರಗಳು ನಮ್ಮ ಕ್ಷೇತ್ರದಲ್ಲಿ ಬೇರೆ ಹೆಚ್ಚಿಲ್ಲ. ಅದರ ಹಿಂದೆಯೇ ಐರೋಪ್ಯ ಒಕ್ಕೂಟದ ಕಾನೂನಿನನ್ವಯ ಕುಕಿಗೆ ಒಪ್ಪಿಗೆ ಕೇಳುವ ಪಟ್ಟಿ. ಜರ್ಮನಿಯವರು ಯಾರೂ ಬರುವುದಿಲ್ಲ, ಆದರೆ ಮೋಟೆಬೆನ್ನೂರಿನವರಿಗೂ ಖಾಸಗಿತನವಿದೆ. ಇವೆರಡನ್ನೂ ದಾಟಿದವರಿಗೆ ಒಂದು ಫಾರ್ಮ್: ಹೆಸರು, ಹುದ್ದೆ, ಕಂಪನಿಯ ವಾರ್ಷಿಕ ವಹಿವಾಟು, ಅರ್ಧ ಕಿಲೋ ಪುಡಿ ಬೇಕಾಗಿರುವ ಉದ್ದೇಶ.

ಫಾರ್ಮ್ ತುಂಬಿದರೆ ಅದು ಇಮೇಲ್ ಆಗಿ ಬರಬೇಕು. ಕಳಿಸುವ ಸರ್ವರ್‌ಗೆ ನಿಮ್ಮ ಹೆಸರಿನಲ್ಲಿ ಪತ್ರ ಕಳಿಸುವ ಅಧಿಕಾರವಿದೆಯೆಂದು ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ ಎಂಬ ಒಂದು ಸಾಲು ಬರೆಯದಿದ್ದರೆ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವ ಸಂಭವ ಹೆಚ್ಚು. ನಾವು ಬರೆದಿಲ್ಲ. ವರ್ತಕರಿಗೆ ಅದರ ಚಿಂತೆಯೂ ಇದ್ದಂತಿಲ್ಲ. ಅವರ ಆರ್ಡರ್‌ಗಳು ಮೊದಲಿನಂತೆ ವಾಟ್ಸ್ಆ್ಯಪ್‌ನಲ್ಲೇ ಬರುತ್ತಿವೆ, “ಎರಡ ಕಿಲೋ ಕಡ್ಡಿ ಪುಡಿ ಕಳಸ್ರಿ ಅಣ್ಣಾರ” ಎಂದು. ಮಾರ್ಕೆಟಿಂಗ್‌ನ ಲೆಕ್ಕಕ್ಕೆ ಅವು ಸೇರುವುದಿಲ್ಲ.

ಆದರೆ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿದಾಗ ಫಾರ್ಮ್ ಮೂಲಕ ಬಂದ ವಿಚಾರಣೆಯೊಂದು ನಿಜಕ್ಕೂ ಸಿಕ್ಕಿತು. ನಿಮ್ಮ ವೆಬ್‌ಸೈಟ್ ಬಹಳ ಸುಂದರವಾಗಿದೆ, ಆದರೆ ಗೂಗಲ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ, ಮೊದಲ ಪುಟಕ್ಕೆ ನಾವು ತರುತ್ತೇವೆ ಎಂದು ಅಪರಿಚಿತರೊಬ್ಬರು ಬರೆದಿದ್ದರು. ಜೊತೆಗೆ ಸಿಲ್ವರ್, ಗೋಲ್ಡ್, ಪ್ಲಾಟಿನಮ್ ಎಂಬ ಮೂರು ಪ್ಯಾಕೇಜುಗಳ ಪಟ್ಟಿ. ಕೂಲಂಕಷವಾಗಿ ಪರಿಶೀಲಿಸಿ ನಾವು ಪ್ಲಾಟಿನಮ್ಮನ್ನೇ ಶಿಫಾರಸು ಮಾಡಿದ್ದೇವೆ. ರೀಡಿಂಗ್ ಸೆಟ್ಟಿಂಗ್‌ನ ಆ ಚೌಕದ ಟಿಕ್ ತೆಗೆಯುವ ಸೇವೆ ಗೋಲ್ಡ್‌ನಲ್ಲಿ ಸೇರಿಲ್ಲ.