ಹಲ್ಲಿರುವ ರೈಲು

ವಿಜಯದಾಸರ ಊರು ಚೀಕಲಪರ್ವಿಯಲ್ಲಿ ತುಂಗಭದ್ರೆ ಇದ್ದಾಳೆ, ಬಿಸಿಲಂತೂ ಬೇಡವೆಂದರೂ ಇದೆ. ಇಲ್ಲದ್ದು ಚಹಾ ಗಿಡ ಮತ್ತು ಚಳಿ. ಹಾಗಂತ ಚಹಾ ಕುಡಿಯುವುದರಲ್ಲಿ ನಾವೇನೂ ಹಿಂದಿಲ್ಲ. ಮೇ ತಿಂಗಳ ಮಟಮಟ ಮಧ್ಯಾಹ್ನವೂ ಅರ್ಧ ಕಪ್ ಆಗಲೇಬೇಕು.

ಇಂಥ ಊರಿನವರು ನೀಲಗಿರಿ ರೈಲು ಹತ್ತಬೇಕು ನೋಡ್ರಿ. ಮೆಟ್ಟುಪಾಳ್ಯಂನಿಂದ ಊಟಿಗೆ ಬರೇ 46 ಕಿ.ಮೀ., ಏರಲು ಹೆಚ್ಚುಕಮ್ಮಿ ಐದು ತಾಸು! ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲುಪಟ್ಟಿ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿ ಹಿಡಿದು, ಬೋಗಿಗಳನ್ನು ಹಿಂದಿನಿಂದ ನೂಕುತ್ತ ಏರುತ್ತದೆ. ಕಡಿದಾದ ಕಡೆ 12 ಅಡಿ ಮುಂದೆ ಹೋದರೆ 1 ಅಡಿ ಮೇಲೆ.

"ನಮ್ಮ ಬಂಡಿ ಎತ್ತು ಇದಕ್ಕಿಂತ ಜೋರು ಹೋಗ್ತಾವಲೇ," ಅಂದರು ಜೊತೆಗೆ ಬಂದಿದ್ದ ನಮ್ಮ ಕಾಕಾ. ಯುನೆಸ್ಕೊ 2005ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ ಎಂದೆ. "ತಡವಾಗಿ ಹೋಗೋದಕ್ಕೂ ಮರ್ಯಾದೆ ಕೊಡ್ತಾರೇನು? ಹಂಗಾದ್ರ ನಮ್ಮೂರ ಬಸ್ಸಿಗೂ ಒಂದು ಅರ್ಜಿ ಬರಿ!"

ಕೂನೂರು ದಾಟಿದ ಮೇಲೆ ಚಹಾ ತೋಟ ಕಂಡಾಗ ಕಾಕಾ ಬಾಯಿ ಮುಚ್ಚಿದರು. ಅದು ಹಸಿರಿಗಲ್ಲ, ಚಳಿಗೆ ಹಲ್ಲು ಕಟಕಟ ಎನ್ನುತ್ತಿದ್ದವು.

ಹೋಗುವವರು ಟಿಕೆಟ್ ಮೊದಲೇ ತೆಗೆಸಿರಿ, ಸ್ವೆಟರ್ ಇಟ್ಟುಕೊಳ್ಳಿರಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಈ ರೈಲು ನಿಂತೇಬಿಡುವುದೂ ಉಂಟು.