ಕತ್ತುನೋವು ಎಂಬ ಎಂಟನೆಯ ರಸವಿಘ್ನ

ಪೀಠಿಕೆ: ಕಾಶ್ಮೀರದ ಅಭಿನವಗುಪ್ತ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸಿದ. ನೋಡುವವನು ತನ್ನ ಸುಖದುಃಖದಲ್ಲೇ ಮುಳುಗಿರುವುದು ಅವುಗಳಲ್ಲೊಂದು. ಪಾಪ, ಆತ ಮಂಗಳೂರಿಗೆ ಬಂದವನಲ್ಲ. ಬಾವುಟಗುಡ್ಡೆ ಹತ್ತಿ ಸಂತ ಅಲೋಶಿಯಸ್ ಚಾಪೆಲಿನ ಛಾವಣಿಯತ್ತ ತಲೆ ಎತ್ತಿದ್ದರೆ ಎಂಟನೆಯದು ತಾನಾಗಿ ಹೊಳೆಯುತ್ತಿತ್ತು. ಚಾಪೆಲ್ ಕಟ್ಟಿದ್ದೇ 19ನೇ ಶತಮಾನದಲ್ಲಿ ಎಂಬ ಕ್ಷುಲ್ಲಕ ಆಕ್ಷೇಪವನ್ನು ಇಲ್ಲಿಗೇ ಕೈಬಿಡೋಣ.

ಆಕರ: ಇಟಲಿಯ ಜೆಸ್ವಿಟ್ ಸೋದರ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಇಲ್ಲಿನ ಗೋಡೆ, ಛಾವಣಿಗಳಿಗೆ ಚಿತ್ರ ಬರೆದರು. ಫ್ರೆಸ್ಕೊ ಎಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ. ಗಾರೆ ಒಣಗಿತೋ, ತಿದ್ದುಪಡಿಗೆ ಅವಕಾಶವಿಲ್ಲ. ಹೀಗೆ ಚಿತ್ರಕಾರನ ಅಭಿಪ್ರಾಯ ಅಂದಂದೇ ಗಟ್ಟಿಯಾಯಿತು. ನೋಡುವವರದು ನೂರಿಪ್ಪತ್ತು ವರ್ಷ ಕಳೆದರೂ ಹಸಿಯಾಗಿಯೇ ಉಂಟು.

ಪಂಥಗಳು:

ಗಾರೆ ಪಂಥ. ಇದರ ಪ್ರವರ್ತಕ ಪೈಂಟಿಂಗ್ ಕಂತ್ರಾಟುದಾರ. "ನಮ್ಮ ಡಿಸ್ಟೆಂಪರ್ ಎರಡು ಮಳೆಗಾಲ ನಿಲ್ಲುವುದಿಲ್ಲ ಮಾರಾಯ್ರೆ, ಇದು ಹೇಗೆ ನಿಂತಿತು?" 1990ರ ದಶಕದಲ್ಲಿ ಪರಂಪರೆ ಸಂರಕ್ಷಣೆಯ ಸಂಸ್ಥೆ ಇಂಟ್ಯಾಕ್‌ನ ತಜ್ಞರು ದುರಸ್ತಿ ಮಾಡಿದ್ದಾರೆಂದು ತಿಳಿಸಿದೊಡನೆ ಆತನ ಮುಖದಲ್ಲಿ ಶಾಂತರಸ ಮೂಡಿತು.

ವೇಷ ಪಂಥ. ಯಕ್ಷಗಾನ ನೋಡಿ ಬೆಳೆದವರದು. ದೇವದೂತರೆಲ್ಲ ಸ್ತ್ರೀವೇಷ ಎಂದು ನಿರ್ಣಯಿಸಿದ ಬಳಿಕ ಇವರದು ಒಂದೇ ಕೊರಗು: ಬಣ್ಣದ ವೇಷವಿಲ್ಲದೆ ಬೆಳಗಾಗುವುದು ಹೇಗೆ?

ಲೆಕ್ಕ ಪಂಥ. ಚಿತ್ರದ ಕುದುರೆಯನ್ನು ಕುದುರೆ ಎಂದೇ ಗ್ರಹಿಸುವಂತೆ ನಟನನ್ನು ರಾಮನೆಂದು ಗ್ರಹಿಸುತ್ತೇವೆ ಎಂದ ರಸಶಾಸ್ತ್ರದ ಶಂಕುಕ. ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರು ಅಷ್ಟಕ್ಕೆ ನಿಲ್ಲುವುದಿಲ್ಲ. ಕುದುರೆಯ ಈಗಿನ ಬೆಲೆಯನ್ನೂ ಕೇಳುತ್ತಾರೆ.

ಅಮ್ಮ ಪಂಥ. ಪಟ್ಟದ ಹಕ್ಕು ಬಿಟ್ಟುಕೊಟ್ಟು, ರೋಮಿನಲ್ಲಿ ಪ್ಲೇಗು ರೋಗಿಗಳ ಆರೈಕೆ ಮಾಡಿ, 1591ರಲ್ಲಿ 23ನೇ ವಯಸ್ಸಿಗೆ ತೀರಿಹೋದ ಅಲೋಶಿಯಸನ ಕಥೆ ಕೇಳಿ ಒಬ್ಬಾಕೆ ಮೇಲೆ ನೋಡುತ್ತ ನಿಂತರು. "ಪಾಪ, ತಾಯಿಗೆ ಎಂತ ಆಗಿರಬೇಡ!" ಅಂದರು. ಈ ಪಂಥವನ್ನು ಖಂಡಿಸಲು ಪ್ರಬಂಧಕಾರನಿಗೆ ಯಾವ ಶಾಸ್ತ್ರವೂ ಸಿಗಲಿಲ್ಲ.

ಸಿದ್ಧಾಂತ: ನಾಲ್ವರೂ ಅವರವರ ಮನೆಯನ್ನು ಹೊತ್ತುಕೊಂಡೇ ಒಳಗೆ ಬಂದಿದ್ದರು, ನಾಲ್ವರೂ ಕತ್ತು ಹಿಡಿದುಕೊಂಡೇ ಹೊರಗೆ ಹೋದರು. ಆದ್ದರಿಂದ ಕತ್ತುನೋವು ವಿಘ್ನವಲ್ಲ, ಪ್ರಮಾಣ. ನೋವಿದ್ದವನು ನೋಡಿದ್ದಾನೆ, ನೋವಿಲ್ಲದವನು ನೋಡಿಲ್ಲ.

ಉಪಸಂಹಾರ: ಮನೆಯಲ್ಲಿ ಹೆಂಡತಿ ತೆಂಗಿನೆಣ್ಣೆ ಬಿಸಿಮಾಡಿ ಕಾದಿದ್ದಳು. "ಕತ್ತು ಎಲ್ಲಿ ನೋಯ್ತದೆ?" ಮುಟ್ಟಿ ನೋಡಿಕೊಂಡೆ; ಎಲ್ಲಿಯೂ ಇಲ್ಲ. ಬೆಳಗಿನಿಂದ ನಾನು ನೋಡಿದ್ದು ನೋಡುವವರ ಮುಖ, ಮತ್ತೆ ನನ್ನ ಟಿಪ್ಪಣಿ ಪುಸ್ತಕ. ಎಣ್ಣೆ ದಂಡವಾಗಬಾರದೆಂದು ಬಲಗೈಯ ಹೆಬ್ಬೆರಳು ಚಾಚಿದೆ. ಬರೆದು ಬರೆದು ನೋಯುತ್ತಿದ್ದದ್ದು ಅದೊಂದೇ.