ಸೋಫಾದ ಹಿಂದಿನ ಮಲೆನಾಡು

ಚಳ್ಳಕೆರೆಯಲ್ಲಿ ಹೊಸದಾಗಿ ಮನೆ ಕಟ್ಟಿಸಿದವರ ನಡುಮನೆಯಲ್ಲಿ ವರ್ಷವಿಡೀ ಮಳೆಗಾಲ. ಸೋಫಾದ ಹಿಂದಿನ ಗೋಡೆ ತುಂಬಾ ಆಗುಂಬೆಯೋ ಬಾಲಿ ದ್ವೀಪವೋ ಹೇಳಲಾಗದಂಥ ಕಾಡು. ಮೂಲೆಯಲ್ಲಿ ವಾರಕ್ಕೊಮ್ಮೆ ಧೂಳು ಒರೆಸಿಸಿಕೊಳ್ಳುವ ಪ್ಲಾಸ್ಟಿಕ್ ಬಿದಿರು. ಟೀವಿಯ ಕೆಳಗೆ ನೈಲಾನ್ ಹುಲ್ಲು, ಅದರ ಮೇಲೆ ಕೆಜಿ ಲೆಕ್ಕದಲ್ಲಿ ಕೊಂಡು ತಂದ ಕಲ್ಲು. ಊರ ಸುತ್ತ ಬಿದ್ದಿರುವುದೆಲ್ಲ ಕಲ್ಲೇ ಅಲ್ಲವೇ ಎಂದರೆ ಡಿಸೈನರ್ ಕನಿಕರದಿಂದ ನೋಡುತ್ತಾನೆ: ‘ಸಾರ್, ಇದು ನ್ಯಾಚುರಲ್ ಫಿನಿಶ್.’ ನೆಂಟರು ಬಂದರೆ ಮೊದಲು ಪುಟ್ಟ ಜಲಪಾತದ ಸ್ವಿಚ್ ಒತ್ತುತ್ತಾರೆ. ಕೈಕಾಲು ತೊಳೆಯಲು ನೀರು ಕೇಳಿದರೆ, ಟ್ಯಾಂಕರ್ ಬರ್ತಾ ಇದೆ, ಕೂತಿರಿ ಎನ್ನುತ್ತಾರೆ.

ಇದಕ್ಕೆ ಪ್ರಕೃತಿಯಿಂದ ಸ್ಫೂರ್ತಿ ಪಡೆದ ಒಳಾಂಗಣ ಎನ್ನುತ್ತಾರಂತೆ. ಪಡೆಯಲಿ, ಬೇಡ ಎಂದವರಾರು? ಆದರೆ ಚಳ್ಳಕೆರೆ ತಾಲ್ಲೂಕಿನಲ್ಲೂ ಒಂದು ಪ್ರಕೃತಿ ಇದೆ ಎಂಬ ಗುಮಾನಿ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಮಳೆ ಬಿದ್ದ ಒಂದೆರಡು ತಿಂಗಳು ಹಸಿರಾಗಿ, ಉಳಿದ ವರ್ಷವೆಲ್ಲ ಕಂದುಬಣ್ಣದ ಕರಡವಾಗಿ ನಿಲ್ಲುವ ಬಯಲು ಅದು. ಮೈಸೂರು ಅರಸರು ಅದನ್ನು ಅಮೃತಮಹಲ್ ಕಾವಲು ಎಂದು ದನಗಳಿಗೆ ಮೀಸಲಿಟ್ಟಿದ್ದರು. ಅಲ್ಲಿ ಮೇಯ್ದ ತಳಿ ಟಿಪ್ಪುವಿನ ಫಿರಂಗಿ ಎಳೆಯಿತು. ಕೃಷ್ಣಮೃಗಕ್ಕೆ, ಕುರಿಗೆ, ಮ್ಯಾಸಬೇಡರ ದೇವರ ಎತ್ತುಗಳಿಗೆ ಆ ಕಂದು ಹುಲ್ಲೇ ಊಟ. ಸರ್ಕಾರದವರು ಮಾತ್ರ ಬೇಸಿಗೆಯಲ್ಲಿ ಬಂದು ನೋಡಿರಬೇಕು. ಅವರ ಕಡತಕ್ಕೆ ಅದು ಖಾಲಿ ಜಾಗವಾಗಿ ಕಂಡಿತು.

ಖಾಲಿ ಜಾಗ ಕಂಡರೆ ಸಾಮಾನು ಇಡಲೇಬೇಕಲ್ಲ! ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573. ಸುತ್ತ ಗೋಡೆ ಎದ್ದಿತು. ಕುರಿಗಾಹಿಗಳು ಗೋಡೆಯ ಹೊರಗೆ ಉಳಿದರು, ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೂ ಹತ್ತಿತು. ಅಲಂಕಾರದ ಮೊದಲ ಬಹುಮಾನವನ್ನು ಮಾತ್ರ ನಾನು ಇಸ್ರೋಗೇ ಕೊಡುತ್ತೇನೆ. ಚಂದ್ರಯಾನ-2ರ ಲ್ಯಾಂಡರಿನ ಸೆನ್ಸರ್‌ಗಳನ್ನು ಪರೀಕ್ಷಿಸಲು 2016ರಲ್ಲಿ ಅವರು ಇಲ್ಲಿ ಕುಳಿಗಳನ್ನು ತೋಡಿ, ಚಂದ್ರನ ನೆಲವನ್ನೇ ತಯಾರಿಸಿ, ಮೇಲೆ ವಿಮಾನ ಹಾರಿಸಿದರು. ಚಂದ್ರಯಾನ ನಮಗೂ ಹೆಮ್ಮೆಯೇ, ಪೇಡ ಹಂಚಿದ್ದೇವೆ. ಆದರೂ ಹುಲ್ಲಿದ್ದ ನೆಲಕ್ಕೆ ಹುಲ್ಲೇ ಹುಟ್ಟದ ಲೋಕದ ವೇಷ ಹಾಕಿಸುವ ಇಂಥ ಥೀಮ್ ಬೆಂಗಳೂರಿನ ಯಾವ ಡಿಸೈನರನಿಗೂ ಹೊಳೆದಿರಲಿಲ್ಲ. ಹುಲ್ಲು ಎಲ್ಲಿಗೆ ಹೋಯಿತು ಎಂದು ಕೇಳಬೇಡಿ. ಟೀವಿಯ ಕೆಳಗಿದೆ, ಚದರಡಿ ಲೆಕ್ಕದಲ್ಲಿ.

ಇನ್ನು ಈ ಬಯಲಿನ ಕುರಿಯ ಕಂಬಳಿ. ಕರಿ ಕುರಿಯ ಉಣ್ಣೆಗೆ ಬಣ್ಣ ಬೇಡ. ಹುಣಸೆ ಬೀಜದ ಗಂಜಿ ಹಚ್ಚಿ, ಬಿಸಿಲಲ್ಲಿ ಹಾಸು ಎಳೆದು ಒಣಗಿಸಿ, ಕುಳಿಮಗ್ಗದಲ್ಲಿ ನೇಯುತ್ತಾರೆ. ಇದಕ್ಕಿಂತ ಪ್ರಕೃತಿಯ ಸ್ಫೂರ್ತಿ ಇನ್ನೇನು ಬೇಕು? ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಗದ್ದಿಗೆಗೆ ಅದೇ ಆಗಬೇಕು. ನಡುಮನೆಗೆ ಮಾತ್ರ ಆಗದು: ಚುಚ್ಚುತ್ತದಂತೆ, ಕುರಿ ವಾಸನೆಯಂತೆ. ಅದೇ ಉಣ್ಣೆಗೆ ‘ನಾರ್ಡಿಕ್ ಥ್ರೋ’ ಎಂದು ಚೀಟಿ ಅಂಟಿಸಿ ಆನ್‌ಲೈನಿನಲ್ಲಿ ಕಳಿಸಿದರೆ ವಾಸನೆ ದಾರಿಯಲ್ಲೇ ಇಳಿದುಹೋಗುತ್ತದೆ.

ಗೋಡೆಯ ಮೇಲೆ ಇಂಗ್ಲಿಷಿನ ‘ಲಿವ್, ಲಾಫ್, ಲವ್’ ಸ್ಟಿಕ್ಕರ್ ಅಂಟಿಸಿದ್ದನ್ನು ನೋಡಿ, ಮನೆಯ ಅಜ್ಜಿಗೆ ಓದಲು ಬರುವುದಿಲ್ಲವಲ್ಲ ಎಂದು ನಗುವವರಿದ್ದಾರೆ. ನಾನು ನಗುವುದಿಲ್ಲ, ಈ ಶೋಕಿ ನಮ್ಮ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಬರೆದ ಚಪಡ, ತಾನು ಲಿಪಿಕಾರ ಎಂಬ ಒಂದು ಪದವನ್ನು ದೂರದ ಗಾಂಧಾರದ ಖರೋಷ್ಠಿ ಲಿಪಿಯಲ್ಲಿ ಬರೆದು ಹೋಗಿದ್ದಾನೆ. ಆ ಊರಲ್ಲಿ ಎಷ್ಟು ಜನ ಓದಿದರೋ! ಆದರೆ ಅವನ ಬಂಡೆಯಲ್ಲಿ ಪ್ರಾಣಿಗಳ ಮೇಲೆ ದಯೆ ಇರಲಿ ಎಂಬ ಮಾತೂ ಇದೆ. ಸ್ಟಿಕ್ಕರಿನಲ್ಲಿ ಅಷ್ಟು ಜಾಗ ಎಲ್ಲಿ?

ಬರೀ ಟೀಕೆ ಬೇಡ ಎನ್ನುವವರಿಗಾಗಿ ನನ್ನದೂ ಒಂದು ಪ್ಯಾಕೇಜ್ ಇದೆ, ಹೆಸರು ‘ಅಪ್ಪಟ ಚಳ್ಳಕೆರೆ’. ನೆಲಕ್ಕೆ ಕರಡದ ಬಣ್ಣದ ಹಾಸು. ಹೂದಾನಿಯಲ್ಲಿ ಸೀಮೆಜಾಲಿಯ ಒಂದು ರೆಂಬೆ, ಮುಳ್ಳಿನ ಸಮೇತ. ನೀರು ಹಾಕುವ ಗೋಜಿಲ್ಲ. ನಡುಮನೆಯ ನಡುವೆ ಅಡ್ಡಲಾಗಿ ಆಳೆತ್ತರದ ಗೋಡೆ. ಸೋಫಾ, ಟೀವಿ, ಫ್ಯಾನು ಆಚೆ ಕಡೆ. ಮನೆಯವರು ಈಚೆ ಕಡೆ. ಕೂರಬೇಕೆನಿಸಿದರೆ ಗುರುತಿನ ಚೀಟಿಯ ನಕಲು ಲಗತ್ತಿಸಿ ಅರ್ಜಿ ಕೊಡಿ. ಫ್ಯಾನಿನ ಗಾಳಿ ಗೋಡೆ ಹಾರಿ ಬಂದರೆ ಅದಕ್ಕೆ ಸದ್ಯಕ್ಕೆ ಶುಲ್ಕವಿಲ್ಲ.